ಪೆಥೆಟಿಕ್ ಅಂದರೆ ಕರುಣಾರಸ

ಹೋದ ತಿಂಗಳು ನಮ್ಮ ಆಪೆರಾ ಮೇಷ್ಟ್ರು ತೀರಿಕೊಂಡರು. ದೊಡ್ಡಬಳ್ಳಾಪುರದಲ್ಲಿ ಒಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡು, ಎರಡು ಒಳ್ಳೆಯ ಮಾತಾಡಿ ಎಂದು ನನ್ನನ್ನು ಕರೆದರು. ಎರಡು ಒಳ್ಳೆಯ ಮಾತಾಡುವುದರಲ್ಲಿ ನನಗೆ ಮೂವತ್ತು ವರ್ಷದ ಅಭ್ಯಾಸವಿದೆ. ಹೋದೆ, ಆಡಿದೆ, ಕಾಫಿ ಕುಡಿದು ಬಂದೆ. ಮಿತಭಾಷಿ, ಸ್ನೇಹಜೀವಿ, ಕಲಾಪೋಷಕ ಎಂದು ಹೇಳಿದೆ. ಮೂರೂ ಶುದ್ಧ ಸುಳ್ಳು. ಆ ಮನುಷ್ಯ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಸ್ನೇಹಿತ ಎಂದರೆ ನಾನೊಬ್ಬ, ಅದೂ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿ ನನ್ನದಾಗಿತ್ತು ಎಂಬ ಕಾರಣಕ್ಕೆ. ಇನ್ನು ಕಲೆಯನ್ನು ಪೋಷಿಸುವ ಮಾತು ಹಾಗಿರಲಿ, ಸಿಕ್ಕಲ್ಲೆಲ್ಲ ಅಟ್ಟಿಸಿಕೊಂಡು ಹೊಡೆದವರು ಅವರು. ಸಭೆಯಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜೂನಿಯರ್ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಪಾಠ ಹೇಳುತ್ತಿದ್ದರು, ನಾನು ಕನ್ನಡ. ಅವರು ಹುಟ್ಟಿದ್ದು ಶಿವಗಂಗೆ ಬೆಟ್ಟದ ಬುಡದ ಹಳ್ಳಿಯಲ್ಲಿ, ರಾಗಿ ಬೆಳೆಯುವ ಮನೆಯಲ್ಲಿ. ಹತ್ತನೇ ತರಗತಿಯವರೆಗೆ ಓದಿದ್ದು ಅಪ್ಪಟ ಕನ್ನಡದಲ್ಲಿ. ಆಮೇಲೆ ಬಿ.ಎ. ಓದಲು ಬೆಂಗಳೂರಿಗೆ ಹೋಗಿ, ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ಮುದುಕಿಯ ಔಟ್‌ಹೌಸಿನಲ್ಲಿ ಬಾಡಿಗೆಗೆ ಇದ್ದರಂತೆ. ಆಯಮ್ಮ ದಿನಾ ಸಾಯಂಕಾಲ ಆಪೆರಾ, ಅಂದರೆ ಮಾತೆಲ್ಲ ಹಾಡಾಗಿರುವ ವಿಲಾಯತಿ ನಾಟಕದ ರೆಕಾರ್ಡ್ ಹಾಕುತ್ತಿದ್ದರು. ಕಿಟಕಿಯಲ್ಲಿ ನಿಂತು ಕೇಳಿ ಕೇಳಿ ಇವರಿಗೆ ಹುಚ್ಚು ಹಿಡಿಯಿತು. ಆಯಮ್ಮ ಮನೆ ಮಾರಿ ಮಗಳ ಜೊತೆ ಹೊರಟಾಗ ರೆಕಾರ್ಡುಗಳನ್ನೆಲ್ಲ ಇವರಿಗೇ ಕೊಟ್ಟುಹೋದರು. ಅವನ್ನು ಹಾಕಿ ಕೇಳುವ ಪೆಟ್ಟಿಗೆಯನ್ನು ಮಾತ್ರ ಕೊಡಲಿಲ್ಲ. ಅಷ್ಟೂ ರೆಕಾರ್ಡು ಕೊನೆಯವರೆಗೆ ಇವರ ಬೀರುವಿನಲ್ಲಿ ಹೆಂಡತಿಯ ಸೀರೆಗಳ ಕೆಳಗೆ ಮೂಕವಾಗಿ ಕೂತಿದ್ದವು. ತಮ್ಮ ಜೀವಮಾನದಲ್ಲಿ ಒಂದೇ ಒಂದು ಆಪೆರಾವನ್ನು ಅವರು ಕಣ್ಣಿನಿಂದ ಕಂಡಿರಲಿಲ್ಲ. ಇದನ್ನು ನಾನು ಒಮ್ಮೆ ಎತ್ತಿ ಆಡಿದಾಗ ನನ್ನ ಜೊತೆ ಒಂದು ವಾರ ಮಾತು ಬಿಟ್ಟರು. ಸ್ಟಾಫ್ ರೂಮಿಗೆ ಅದು ಬಹಳ ಒಳ್ಳೆಯ ವಾರ.

ಕಾಣದ ಆಪೆರಾಕ್ಕೆ ಬದಲಾಗಿ ಅವರು ಕಂಡುಕೊಂಡದ್ದು ನಮ್ಮ ಕಡೆಯ ಪೌರಾಣಿಕ ನಾಟಕವನ್ನು. ನೆಲಮಂಗಲ, ದೊಡ್ಡಬಳ್ಳಾಪುರದ ಹಳ್ಳಿಗಳಲ್ಲಿ ಈಗಲೂ ವರ್ಷಕ್ಕೊಮ್ಮೆ ಊರಿನವರೇ ಸೇರಿ, ಬಾಡಿಗೆಯ ಸೀನರಿ ಕಟ್ಟಿಸಿ, ಕಿರೀಟ ಇಟ್ಟುಕೊಂಡು ಬೆಳಗಿನವರೆಗೆ ಹಾಡುತ್ತಾರೆ. ಸಿಟ್ಟು ಬಂದರೂ ಹಾಡು, ಹೆಂಡತಿ ಸಿಕ್ಕರೂ ಹಾಡು, ಎದೆಗೆ ಬಾಣ ನೆಟ್ಟರೂ ಹಾಡು. ‘ಇದನ್ನು ನಾಟಕ ಅನ್ನಬೇಡಿ ಪಂಡಿತರೇ, ಇದು ಆಪೆರಾ’ ಎಂದು ನನಗೆ ಅವರು ದಿನಾ ಹೇಳುತ್ತಿದ್ದರು. ಕನ್ನಡ ಪಾಠ ಮಾಡುವವರೆಲ್ಲ ಅವರಿಗೆ ಪಂಡಿತರೇ. ಆ ಪದವನ್ನು ಉಚ್ಚರಿಸುವಾಗ ಅವರ ತುಟಿ ಸ್ವಲ್ಪ ಸೊಟ್ಟಗಾಗುತ್ತಿತ್ತು.

ತಮಗೆ ‘ಆಪೆರಾ ಕ್ರಿಟಿಕ್’ ಎಂದು ಹೆಸರಿಟ್ಟುಕೊಂಡವರೂ ಅವರೇ. ನಮ್ಮ ಊರಿನಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಒಬ್ಬರು ನಾಲ್ಕು ಪುಟದ ವಾರಪತ್ರಿಕೆಯೊಂದನ್ನು ನಡೆಸುತ್ತಿದ್ದರು. ‘ಒಂದು ಕಾಲಂ ಇಂಗ್ಲಿಷ್ ಇದ್ರೆ ಪೇಪರ್‌ಗೊಂದು ಗತ್ತು ಕಣ್ರೀ’ ಎಂದು ಇವರಿಗೆ ಜಾಗ ಕೊಟ್ಟರು. ಮೊದಲ ವಾರವೇ ಅಚ್ಚಿನ ತಪ್ಪಾಗಿ, ದೊಡ್ಡಬೆಳವಂಗಲದಲ್ಲಿ ಆಪೆರಾ ಎಂದಿರಬೇಕಾದ ಕಡೆ ದೊಡ್ಡಬೆಳವಂಗಲದಲ್ಲಿ ಆಪರೇಷನ್ ಎಂದು ಬಂತು. ಇಬ್ಬರು ಮುದುಕರು ಕಾಲೇಜಿಗೇ ಹುಡುಕಿಕೊಂಡು ಬಂದು, ಕಣ್ಣಿನ ಕ್ಯಾಂಪ್ ಯಾವತ್ತು ಎಂದು ಕೇಳಿದರು. ಅಂದಿನಿಂದ ಊರಿನ ಬಾಯಲ್ಲಿ ಅವರು ಆಪರೇಟರ್ ಮೇಷ್ಟ್ರು. ಹಿಂದೆ ಯಾವುದೋ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು ಎಂದು ನಂಬಿದವರು ಈಗಲೂ ಇದ್ದಾರೆ.

ನಾಟಕಕ್ಕೆ ಅವರು ಹೋಗುವ ಠೀವಿಯನ್ನು ನೋಡಬೇಕಿತ್ತು. ತುಂಬುತೋಳಿನ ಬಿಳಿ ಅಂಗಿ, ಟೈ, ಸ್ಕೂಟರಿನ ಹಿಂದೆ ಕಟ್ಟಿದ ಮಡಚುವ ಕುರ್ಚಿ. ಊರಿನವರು ಹಾಕಿದ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ, ವಿಮರ್ಶಕನೆಂದರೆ ಜಡ್ಜು, ಅದು ಲಂಚವಂತೆ. ಶಾಲು ಹೊದಿಸಲು ಬಂದರೆ ‘ಆರೋಪಿಗಳಿಂದ ನಾನು ಬಟ್ಟೆ ತಗೊಳ್ಳೋದಿಲ್ಲ’ ಎಂದುಬಿಡುತ್ತಿದ್ದರು. ಇಂಗ್ಲಿಷಿನಲ್ಲಿ ಹೇಳುತ್ತಿದ್ದುದರಿಂದ ಬದುಕಿಕೊಂಡರು. ಪಾತ್ರಧಾರಿಗಳ ಜೊತೆ ಒಂದು ಮಾತಿಲ್ಲ, ಒಂದು ಲೋಟ ಕಾಫಿಯಿಲ್ಲ. ‘ವಿಮರ್ಶಕ ಬಾಯಲ್ಲಿ ಮಾತಾಡಬಾರದು ಪಂಡಿತರೇ, ಬರೆಯಬೇಕು. ಬೇಕಾದವನು ಓದಿಕೊಳ್ಳುತ್ತಾನೆ’ ಎನ್ನುತ್ತಿದ್ದರು. ಇಂಗ್ಲಿಷ್ ಓದಲು ಬರುವವರು ಆ ನಾಟಕಗಳ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ, ನಾಟಕ ಆಡುವವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂಬ ಸಣ್ಣ ಸಂಗತಿ ಅವರ ಗಮನಕ್ಕೆ ಬಂದ ಹಾಗಿರಲಿಲ್ಲ.

ಬರೆದದ್ದು ಮಾತ್ರ ಭಲೇ ಬರೆದರು, ಒಪ್ಪಬೇಕು. ಒಂದು ಊರಿನಲ್ಲಿ ರಾಜನ ಪಾರ್ಟಿನವನು ಹಾಡುತ್ತಾ ಸತ್ತ. ಜನ ಸಿಳ್ಳೆ ಹೊಡೆದು ಒನ್ಸ್ ಮೋರ್ ಎಂದರು. ಹೆಣ ಎದ್ದು ಕೂತು, ಕಿರೀಟ ಸರಿಮಾಡಿಕೊಂಡು, ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸತ್ತಿತು. ‘ರಾಜರು ಎರಡು ಸಲ ಸತ್ತರು, ಎರಡು ಸಲವೂ ನಂಬಿಕೆ ಬರಲಿಲ್ಲ’ ಎಂದು ಇವರು ಬರೆದರು. ದಾಬಸ್‌ಪೇಟೆಯಲ್ಲಿ ಸೈಟು ಮಾರುವ ಒಬ್ಬರು ದೊಡ್ಡ ಪಾರ್ಟು ತೆಗೆದುಕೊಂಡು ಹಾಡಿದ್ದನ್ನು ಕೊಲಾಸಲ್ ಡಿಸಾಸ್ಟರ್, ಅಂದರೆ ದೈತ್ಯ ಗಾತ್ರದ ಅನಾಹುತ ಎಂದರು. ಆತನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು, ಬೇಕಾದಷ್ಟು ಮಾತ್ರ ಬರುತ್ತಿತ್ತು. ಮರುವಾರ ಹೈವೇ ಸರ್ಕಲ್ಲಿನಲ್ಲಿ ಗದೆ ಹಿಡಿದ ಆತನ ಆಳೆತ್ತರದ ಫ್ಲೆಕ್ಸ್ ನಿಂತಿತು. ಕೆಳಗೆ ದಪ್ಪಕ್ಷರದಲ್ಲಿ ‘ಕೊಲಾಸಲ್ — ಇಂಗ್ಲಿಷ್ ವಿಮರ್ಶಕರು’ ಎಂದಿತ್ತು. ಮೇಷ್ಟ್ರು ಅದರ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಬಹಳ ಹೊತ್ತು ನೋಡಿದರಂತೆ. ಸ್ಟಾಫ್ ರೂಮಿಗೆ ಬಂದವರೇ ‘ಪ್ರಿಂಟ್ ಚೆನ್ನಾಗಿದೆ’ ಎಂದರು, ಅಷ್ಟೇ.

ಇಲ್ಲಿಯವರೆಗೆ ನಗುವ ಮಾತು. ಇನ್ನು ಗಂಗಹನುಮಯ್ಯನವರ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಗೆಪಾಟಲಾಗಬೇಕಾದವನು ನಾನೇ.

ಗಂಗಹನುಮಯ್ಯ ದೊಡ್ಡಬೆಳವಂಗಲದ ಕಡೆಯವರು, ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಹಾರ್ಮೋನಿಯಂ ಎಂದು ಯಾರೂ ಅನ್ನುವುದಿಲ್ಲ, ಪೆಟ್ಟಿಗೆ ಎನ್ನುತ್ತಾರೆ. ಹಳ್ಳಿಯವರಿಗೆ ಎರಡು ಮೂರು ತಿಂಗಳು ಹಾಡು, ಮಾತು, ಹೆಜ್ಜೆ ಎಲ್ಲ ಕಲಿಸಿ, ನಾಟಕದ ದಿನ ಪೆಟ್ಟಿಗೆ ಮುಂದೆ ಕೂತು ಅಷ್ಟೂ ಜನರನ್ನು ದಡ ಮುಟ್ಟಿಸುವ ಮನುಷ್ಯ. ಆಪೆರಾ ಮೇಷ್ಟ್ರ ಕಾಲಂ ಶುರುವಾದ ಹೊಸತರಲ್ಲಿ ಗಂಗಹನುಮಯ್ಯ ಒಂದು ಪೇಪರ್ ತುಂಡು ಹಿಡಿದು ನನ್ನ ಮನೆಗೆ ಬಂದರು. ಮದುವೆಯಾಗಿ ದೂರ ಹೋಗಿದ್ದ ಅವರ ಮಗಳು ನನ್ನ ಶಿಷ್ಯೆ, ಆ ಸಲುಗೆ.

‘ನಮ್ ಹೆಸ್ರು ಬಂದೈತಂತೆ ಮೇಷ್ಟ್ರೇ. ಇಂಗ್ಲಿಷ್ನಾಗೆ. ಏನ್ ಬರ್ದವ್ರೆ ವಸಿ ಹೇಳಿ’ ಎಂದರು.

ನೋಡಿದೆ. ಗಂಗಹನುಮಯ್ಯ ಎಂಬ ಹೆಸರು, ಹಾರ್ಮೋನಿಯಂ, ತೀರಾ ಕಳಪೆ ಎನ್ನಲು ಇಂಗ್ಲಿಷಿನವರು ಬಳಸುವ ಪೆಥೆಟಿಕ್, ಮೂರೂ ಒಂದೇ ಸಾಲಿನಲ್ಲಿ ಕಂಡವು. ಮುಂದೆ ಓದಲು ನನಗೆ ಧೈರ್ಯವಾಗಲಿಲ್ಲ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

‘ಪೆಥೆಟಿಕ್ ಅಂತ ಬರೆದಿದ್ದಾರೆ’ ಎಂದೆ.

‘ಅಂದ್ರೆ?’

‘ಪ್ಯಾಥೋ ಸಾಂಗ್ ಅಂತೀವಲ್ಲ, ಅದೇ. ಕರುಣಾರಸ. ನೀವು ಪೆಟ್ಟಿಗೆ ನುಡಿಸಿದ್ದು ಕೇಳಿ ಅವರಿಗೆ ಕಣ್ಣಲ್ಲಿ ನೀರು ಬಂತಂತೆ.’

ನಾನು ಮಾಡಿದ್ದು ದೊಡ್ಡ ಉಪಕಾರ ಎಂದೇ ನನ್ನ ಭಾವನೆ. ಆ ಮುಖ ಅರಳಿದ್ದನ್ನು ನೋಡಿ ನನಗೆ ರಾತ್ರಿಯ ಊಟ ಇನ್ನೂ ರುಚಿಸಿತು. ಅವರು ಆ ತುಂಡನ್ನು ಲ್ಯಾಮಿನೇಟ್ ಮಾಡಿಸಿ ಮನೆಯಲ್ಲಿ ತೂಗುಹಾಕಿದರು. ಆಮೇಲೆ ಅರ್ಥ ಕೇಳಲು ಯಾರ ಹತ್ತಿರವೂ ಹೋಗಲಿಲ್ಲ. ಆ ಉದ್ದನೆಯ ಪದದ ಆಕಾರ ಅವರ ಕಣ್ಣಿಗೆ ಕೂತಿತ್ತು. ಪೇಪರ್ ಬಂದ ವಾರ ತಾವೇ ಬೆರಳಿಟ್ಟು ಹುಡುಕಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ನಾನು ಸಿಕ್ಕರೆ ‘ಈ ಸಲಾನೂ ಐತೆ ಮೇಷ್ಟ್ರೇ’ ಎನ್ನುತ್ತಿದ್ದರು. ನಾನು ‘ಇರಲೇಬೇಕಲ್ಲ’ ಎನ್ನುತ್ತಿದ್ದೆ. ಹೀಗೆ ಹದಿನಾಲ್ಕು ತುಂಡು ಕೂಡಿದವು.

ಅಭಿಮಾನಿಗೆ ಬರಿಗೈಲಿ ಇರಲಾಗುತ್ತದೆಯೇ? ಅವರೇಕಾಯಿ ಕಾಲದಲ್ಲಿ ಗಂಗಹನುಮಯ್ಯ ಒಂದು ಚೀಲ ಸೊಗಡಿನ ಅವರೇಕಾಯಿ ಹೊತ್ತು ತಂದು ಆಪೆರಾ ಮೇಷ್ಟ್ರ ಬಾಗಿಲಿಗೆ ಇಡುತ್ತಿದ್ದರು. ಮೇಷ್ಟ್ರು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು, ಆರೋಪಿಯ ಮುಖ ನೋಡಬಾರದಲ್ಲ. ಚೀಲವನ್ನು ಹೆಂಡತಿ ತೆಗೆದುಕೊಳ್ಳುತ್ತಿದ್ದರು. ಆ ಅವರೆಯ ಹಿತಕಿದಬೇಳೆ ಸಾರನ್ನು ಮಾತ್ರ ವಿಮರ್ಶಕರು ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು, ಅದು ಹೆಂಡತಿಯ ಕೈಯಿಂದ ಬಂದದ್ದರಿಂದ ಲಂಚವಾಗುವುದಿಲ್ಲವಂತೆ. ಮಾರನೇ ದಿನ ನನ್ನ ಹತ್ತಿರ ಕಿಡಿ ಕಾರುತ್ತಿದ್ದರು. ‘ಎಂಥ ಸೊಕ್ಕು ನೋಡಿ ಪಂಡಿತರೇ. ನಾನು ಬಯ್ದಷ್ಟೂ ಅವರೇಕಾಯಿ ಕಳಿಸ್ತಾನೆ. ತಿದ್ದಿಕೊಳ್ಳೋದು ಮಾತ್ರ ಇಲ್ಲ. ಹಠಮಾರಿ.’ ನಾನು ತಲೆಯಾಡಿಸುತ್ತಿದ್ದೆ. ಏನನ್ನು ತಿದ್ದಿಕೊಳ್ಳಬೇಕು ಎಂದು ಒಂದು ಸಲವಾದರೂ ಕೇಳಬಹುದಿತ್ತು. ಕೇಳಲಿಲ್ಲ. ಎರಡೂ ಕಡೆ ಶಾಂತಿ ಇದೆ, ನಡುವೆ ನಾನಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ನಾನೂ ಆಪೆರಾ ಮೇಷ್ಟ್ರೂ ರಿಟೈರಾದೆವು. ಅಷ್ಟರಲ್ಲಿ ಗಂಗಹನುಮಯ್ಯನವರ ಬೆರಳ ಗೆಣ್ಣು ಹಿಡಿದುಕೊಳ್ಳಲು ಶುರುವಾಗಿ, ಇಡೀ ನಾಟಕಕ್ಕೆ ಪೆಟ್ಟಿಗೆ ನುಡಿಸಲಾಗದ ಹಾಗಾಯಿತು. ವಯಸ್ಸಾದ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ಅರ್ಜಿ ಹಾಕಿದರು. ‘ದುಡ್ಡು ಆಮ್ಯಾಕೆ ಮೇಷ್ಟ್ರೇ. ಕಲಾವಿದ ಅಂತ ಸರ್ಕಾರ ಬರ್ಕೊಡ್ತದಲ್ಲ, ಅದು ಬೇಕು. ಜಲ್ಮವೆಲ್ಲ ಅದನ್ನೇ ಮಾಡಿದ್ದು’ ಎಂದರು. ಅರ್ಜಿಯ ಜೊತೆ ಪತ್ರಿಕೆಯ ತುಣುಕುಗಳನ್ನು ಲಗತ್ತಿಸಬೇಕಿತ್ತು. ಕನ್ನಡ ಪತ್ರಿಕೆಗಳಲ್ಲಿ ನಾಟಕದ ಸುದ್ದಿ ಎಂದರೆ ಉದ್ಘಾಟನೆಗೆ ಬಂದ ಮುಖಂಡರ ಹೆಸರು. ಪೆಟ್ಟಿಗೆ ಮುಂದೆ ಕೂತವನ ಹೆಸರನ್ನು ಯಾರೂ ಹಾಕುವುದಿಲ್ಲ. ಅವರ ಹತ್ತಿರ ಇದ್ದದ್ದು ಆ ಹದಿನಾಲ್ಕು ಇಂಗ್ಲಿಷ್ ತುಂಡುಗಳು ಮಾತ್ರ.

ಓದಬಲ್ಲವರ ಕೈಗೆ ಅವು ಹೋದರೆ ನನ್ನ ಸುಳ್ಳು ಹೊರಬೀಳುತ್ತದೆ. ‘ಅವು ಬೇಡ ಬಿಡಿ, ಫೋಟೋ ಹಾಕೋಣ’ ಎಂದೆ. ‘ಫೋಟೋನಾಗೆ ನಾನೆಲ್ಲಿರ್ತೀನಿ ಮೇಷ್ಟ್ರೇ, ಪರದೆ ಸಂದೀನಾಗೆ’ ಎಂದು ಹದಿನಾಲ್ಕನ್ನೂ ಲಗತ್ತಿಸಿಯೇ ಬಂದರು. ಹದಿನೈದು ದಿನಕ್ಕೆ ಅವರಿಗೆ ಜಿಲ್ಲಾ ಕಚೇರಿಯಿಂದ ಫೋನ್ ಬಂತು. ಇದನ್ನು ಬರೆದವರನ್ನು ಕರೆದುಕೊಂಡು ಬನ್ನಿ ಎಂದು ಹೇಳಿದ್ದರು. ಗಂಗಹನುಮಯ್ಯ ಸಂಭ್ರಮದಿಂದ ನನಗೆ ಹೇಳಿದರು. ‘ಬರ್ದ ಸಾಹೇಬ್ರ ಬಾಯಿಂದ್ಲೇ ಕೇಳ್ಬೇಕಂತೆ.’

ಓಡಿದೆ ಆಪೆರಾ ಮೇಷ್ಟ್ರ ಮನೆಗೆ. ‘ಸಾರ್, ಒಂದು ದಿನ, ಒಂದೇ ಒಂದು ಸುಳ್ಳು. ಉತ್ತಮ ಕಲಾವಿದ ಅಂದುಬಿಡಿ. ಪಾಪ, ಮುದುಕ.’

‘ಅವನಿಗೆ ಸುಳ್ಳು ಹೇಳೋಕೆ ಊರಲ್ಲಿ ಬೇಕಾದಷ್ಟು ಜನ ಇದಾರೆ. ನಾನು ಬರೆದದ್ದು ಅಲ್ಲೇ ಇದೆ, ಓದಲಿ’ ಎಂದರು. ನನಗೇ ಹೇಳಿದರೇನೋ ಎಂದು ಒಂದು ಕ್ಷಣ ಅನ್ನಿಸಿತು. ಇಲ್ಲ, ಸುಮ್ಮನೆ ಹೇಳಿದ್ದರು. ನನ್ನ ಕರುಣಾರಸದ ಸಂಗತಿ ಅವರಿಗೆ ಗೊತ್ತಿರಲಿಲ್ಲ.

ಕಚೇರಿಯಲ್ಲಿ ಅಧಿಕಾರಿಯಾಗಿ ಇದ್ದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನಾವು ಮೂವರೂ ಎದುರಿಗೆ ಸಾಲಾಗಿ ಕೂತೆವು, ಟೈ ಕಟ್ಟಿಕೊಂಡ ಮೇಷ್ಟ್ರು, ಹೊಸ ಪಂಚೆ ಉಟ್ಟ ಗಂಗಹನುಮಯ್ಯ, ನಡುವೆ ಬೆವರುತ್ತಾ ನಾನು.

‘ಯಜಮಾನ್ರೇ, ಅರ್ಜಿ ಜೊತೆ ಬೈಗುಳ ಯಾಕೆ ಲಗತ್ತಿಸಿದೀರ? ಇವರು ನಿಮ್ಮನ್ನ ಪೆಥೆಟಿಕ್ ಅಂತ ಬರೆದಿದಾರೆ. ಇದನ್ನಿಟ್ಟುಕೊಂಡು ನಾನು ಹೇಗೆ ಶಿಫಾರಸು ಮಾಡಲಿ?’ ಎಂದರು ಆಕೆ.

‘ಬೈಗುಳ ಅಲ್ಲ ಕಣವ್ವ. ಕರುಣಾರಸ ಅದು’ ಎಂದರು ಗಂಗಹನುಮಯ್ಯ, ತಿಳಿಯದವರಿಗೆ ತಿಳಿಸುವ ತಾಳ್ಮೆಯಿಂದ.

ಆಪೆರಾ ಮೇಷ್ಟ್ರು ಮೊದಲ ಸಲ ಅವರ ಕಡೆ ತಿರುಗಿದರು. ಆಮೇಲೆ ಆಕೆಗೆ ‘ಪೂರ್ತಿ ಓದಮ್ಮಾ. ಯಾವುದಾದರೂ ಒಂದನ್ನು, ಕೊನೆಯವರೆಗೆ’ ಎಂದರು.

ಆಕೆ ಓದಿ, ನಿಧಾನವಾಗಿ ಕನ್ನಡದಲ್ಲಿ ಹೇಳುತ್ತಾ ಹೋದರು. ‘ಹಾರ್ಮೋನಿಯಂ ನುಡಿಸಿದ ಗಂಗಹನುಮಯ್ಯನವರ ಬೆರಳು ಗಟ್ಟಿ, ತಾಳ ಗಟ್ಟಿ. ಆದರೆ ಇವರ ಪೆಟ್ಟಿಗೆಯಲ್ಲಿ ನಡುವಿನ ಗಾಂಧಾರವನ್ನು ನುಡಿಸುವ ಲೋಹದ ಪಟ್ಟಿ, ಅಂದರೆ ರೀಡು, ಪೆಥೆಟಿಕ್ ಆಗಿದೆ. ಹಾಡುವವರೆಲ್ಲ ಆ ಕೆಟ್ಟ ಸ್ವರವನ್ನೇ ಕಲಿತಿದ್ದಾರೆ. ಅರ್ಧ ಗಂಟೆಯಲ್ಲಿ ಸರಿಹೋಗುವ ದೋಷ. ಇದನ್ನು ಹೇಳಲು ಈ ಕಲಾವಿದನಿಗೆ ಒಬ್ಬ ಸ್ನೇಹಿತನೂ ಇಲ್ಲವೇ?’

ಇನ್ನೊಂದು ತುಂಡು ತೆಗೆದರು, ಮತ್ತೊಂದು ತೆಗೆದರು. ‘ಎಲ್ಲದರಲ್ಲೂ ಇದೇ ಇದೆಯಲ್ಲ ಸಾರ್?’

‘ಎಲ್ಲದರಲ್ಲೂ ಅದೇ ರೀಡು ಇತ್ತಲ್ಲಮ್ಮ’ ಎಂದರು ಮೇಷ್ಟ್ರು.

ಆಕೆ ನಕ್ಕುಬಿಟ್ಟರು. ಹೊಗಳಿಕೆಯ ತುಣುಕು ತರುವವರು ದಿನಾ ಬರುತ್ತಾರೆ, ಅದರಲ್ಲಿ ಯಾವುದು ನಿಜ ಎಂದು ನೋಡುವುದೇ ತಮ್ಮ ಕೆಲಸವಾಗಿದೆ, ಒಂದೇ ಪೆಟ್ಟಿಗೆಯನ್ನು ಹತ್ತಾರು ಊರಿನಲ್ಲಿ ವರ್ಷಗಟ್ಟಲೆ ನುಡಿಸಿದ್ದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಬೇಕಿಲ್ಲ ಎಂದು ಹೇಳಿ, ಅರ್ಜಿಯ ಮೇಲೆ ಶಿಫಾರಸು ಬರೆದರು. ಗಂಗಹನುಮಯ್ಯನವರು ಕಲಾವಿದರೆಂದು ಸರ್ಕಾರ ಒಪ್ಪಿತು. ಅದನ್ನು ಕೇಳಲು ಅವರಿಗೆ ವ್ಯವಧಾನವಿರಲಿಲ್ಲ. ತಲೆ ತಗ್ಗಿಸಿ, ತೊಡೆಯ ಮೇಲೆ ಬೆರಳಾಡಿಸುತ್ತಾ ಬಾಯೊಳಗೇ ಏನನ್ನೋ ಗುನುಗಿ ನೋಡಿಕೊಳ್ಳುತ್ತಿದ್ದರು.

ಹೊರಗೆ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತರು. ‘ನನ್ ಕಿವಿ ಆ ಪೆಟ್ಟಿಗೇಲೇ ಬೆಳೀತು. ಅದು ಹೇಳಿದ್ದೇ ಸರಿ ಅನ್ಕೊಂಡೆ’ ಎಂದರು. ಬೆರಳು ಮಡಚಿ ಎಣಿಸುತ್ತಾ, ‘ಎಷ್ಟ್ ಜನುಕ್ಕೆ ಅದೇ ಸ್ವರ ಹೇಳ್ಕೊಟ್ಬುಟ್ಟೆ. ಈಗ ಯಾರ್ಯಾರ ಮನೆ ಬಾಗ್ಲಿಗೆ ಹೋಗಿ ತಿದ್ಲಿ?’ ಎಂದರು.

‘ನಾನು ಬರೆದಿದ್ದೆನಲ್ಲ’ ಎಂದರು ಆಪೆರಾ ಮೇಷ್ಟ್ರು. ಅವರ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

‘ನಂಗೆ ಬರಾಕಿಲ್ವಲ್ಲ ಸಾಮಿ ಇಂಗ್ಲಿಷು. ನೀವು ಅಲ್ಲೇ ಮೂರನೇ ಸಾಲ್ನಾಗೆ ಕೂತಿರ್ತಿದ್ರಿ. ಎದ್ ಬಂದು ಒಂದ್ ಮಾತು ಕನ್ನಡ್ದಾಗೆ ಹೇಳ್ಬಾರ್ದಿತ್ತಾ?’

ಇಪ್ಪತ್ತು ವರ್ಷ ಎಲ್ಲರ ಬಾಯಿ ಮುಚ್ಚಿಸಿದ್ದ ಮೇಷ್ಟ್ರು ಬೆಂಚಿನ ತುದಿಯಲ್ಲಿ ಕೂತುಬಿಟ್ಟರು. ಟೈ ಸಡಿಲ ಮಾಡಿಕೊಂಡು ನನ್ನ ಕಡೆ ನೋಡಿದರು. ‘ಕರುಣಾರಸ ಅಂತ ಹೇಳಿದ್ದು ಯಾರು?’ ಎಂದರು. ‘ನಾನು’ ಎಂದೆ. ನನ್ನ ಜೊತೆ ಮತ್ತೆ ಮಾತು ಬಿಡುತ್ತಾರೆ ಎಂದುಕೊಂಡೆ. ಬಿಡಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು. ‘ನೀವು ಒಳ್ಳೆಯವರು ಪಂಡಿತರೇ’ ಎಂದರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಈಗ ಬರೆಯುವಾಗಲೂ ಆಗುತ್ತಿಲ್ಲ.

ಆ ವಾರದಿಂದ ಕಾಲಂ ನಿಂತಿತು. ಮಡಚುವ ಕುರ್ಚಿಯನ್ನು ಬಿಚ್ಚಿಟ್ಟು, ಸ್ಕೂಟರಿನ ಹಿಂದಿನ ಸೀಟಿನಲ್ಲಿ ಗಂಗಹನುಮಯ್ಯನವರನ್ನು ಕೂರಿಸಿಕೊಂಡು ಮೇಷ್ಟ್ರು ಹೊರಟರು. ರೀಡು ಕೆರೆದು ಸರಿಮಾಡಿದ ಪೆಟ್ಟಿಗೆ ಮುಂದೆ, ಮೇಷ್ಟ್ರ ಕಾಲಿನ ಹತ್ತಿರ. ಊರೂರಿಗೆ ಹೋಗಿ, ಹಿಂದೆ ಕಲಿತವರನ್ನು ಹುಡುಕಿ, ಜಗಲಿಯ ಮೇಲೆ ಕೂರಿಸಿ ಆ ಒಂದು ಸ್ವರವನ್ನು ತಿದ್ದುವುದು ಕೆಲಸ. ಜನ ಸುಲಭಕ್ಕೆ ಒಪ್ಪಲಿಲ್ಲ. ‘ನೀವೇ ಹೇಳ್ಕೊಟ್ಟಿದ್ದು, ಈಗ ನೀವೇ ತಪ್ಪು ಅಂದ್ರೆ ಹೆಂಗೆ ಗುರುವೇ?’ ಎಂದು ಜಗಳಕ್ಕೆ ಬಂದರು. ಆ ಕೊಲಾಸಲ್ ಪಾರ್ಟಿನವರು, ಹೊಸ ಸ್ವರವೇ ಕೆಟ್ಟದಾಗಿದೆ, ಹಳೆಯದರಲ್ಲಿ ದುಃಖ ಇತ್ತು ಎಂದು ವಾದಿಸಿದರಂತೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಬೈಯುತ್ತಿದ್ದರು, ಗಂಗಹನುಮಯ್ಯ ‘ಕನ್ನಡ್ದಾಗೆ ಬೈರಿ ಸಾಮಿ, ತಿಳೀಲಿ’ ಎನ್ನುತ್ತಿದ್ದರು. ಹೀಗೆ ಎರಡು ವರ್ಷ ತಿರುಗಿದರು. ಮೂವತ್ತು ವರ್ಷದ ನೌಕರಿಯಲ್ಲಿ ಕಾಣದ ಗೆಲುವು ಆಗ ಮೇಷ್ಟ್ರ ಮುಖದಲ್ಲಿತ್ತು, ಇದು ಸುಳ್ಳಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಹೊರಡಲು ಶರ್ಟು ಹಾಕಿಕೊಳ್ಳುತ್ತಿದ್ದವರು ಹಾಗೇ ಕುಸಿದರು.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಗಂಗಹನುಮಯ್ಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರೇ ಕೂತಿದ್ದರು. ಇನ್ನೂ ಏಳೆಂಟು ಊರು ಬಾಕಿ ಇದೆಯಂತೆ. ಆ ಕಡೆಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ‘ನನ್ನ ಸ್ಕೂಟರ್ ಇದೆ, ನಾನು ಕರ್ಕೊಂಡು ಹೋಗ್ತೀನಿ, ದಿನಾ ಬರ್ತೀನಿ’ ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. ಸಿಟ್ಟೇನೂ ಇರಲಿಲ್ಲ.

‘ನೀವ್ ಬ್ಯಾಡಿ ಮೇಷ್ಟ್ರೇ’ ಎಂದರು. ‘ನೀವ್ ಬಂದ್ರೆ ಎಲ್ಲಾರ್ಗೂ ಚೆನ್ನಾಗೈತೆ ಅಂದ್ಬುಡ್ತೀರ.’